ಬೇಡವೆಂದ ಮಜ್ಜಿಗೆ

ಸೇವೆ ಮಾಡುವುದಕ್ಕೂ ಓದಬೇಕೆ, ಓದಿದ ಮೇಲೆ ಪರೀಕ್ಷೆಗೂ ಕೂರಬೇಕೆ? ಬಸವಮ್ಮನಿಗೆ ಇದು ಎಷ್ಟು ಹೇಳಿದರೂ ತಲೆಗೆ ಹತ್ತಲಿಲ್ಲ. ಚಾಮರಾಜಪೇಟೆಯ ಆ ಮನೆಗೆ ಸೊಸೆಯಾಗಿ ಬಂದು ಅವಳಿಗೆ ಐವತ್ತು ವರ್ಷವಾಗಿತ್ತು. ಬಂದ ಜಂಗಮರಿಗೆ ಬಡಿಸಿದ್ದಳು, ಬೀದಿಯ ಬಾಣಂತಿಯರಿಗೆ ಖಾರ ಕುಟ್ಟಿ ಕೊಟ್ಟಿದ್ದಳು, ಸಾವಾದ ಮನೆಗಳಿಗೆ ಅನ್ನ ಸಾರು ಕಳಿಸಿದ್ದಳು. ಯಾರೂ ಅವಳಿಗೆ ನೂರಕ್ಕೆ ಇಷ್ಟು ಅಂತ ನಂಬರು ಕೊಟ್ಟಿರಲಿಲ್ಲ. ಹಾಗಿರುವಾಗ ಮೊಮ್ಮಗಳು ರುದ್ರಾಣಿ, ಬಿ.ಎ. ಮುಗಿಸಿದ್ದು ಸಾಲದು ಅಂತ, ಯೂನಿವರ್ಸಿಟಿಯಲ್ಲಿ ಸಮಾಜ ಸೇವೆಯ ಡಿಪ್ಲೊಮಾಗೆ ಸೇರುತ್ತೇನೆ ಎಂದು ಪಟ್ಟು ಹಿಡಿದು ಕೂತಳು.

"ದಾಸೋಹಕ್ಕೂ ಸರ್ಟಿಫಿಕೇಟು ಕೊಡ್ತಾರೇನೇ?" ಎಂದಳು ಬಸವಮ್ಮ.

"ದಾಸೋಹ ಬೇರೆ, ಇದು ಬೇರೆ ಅಜ್ಜಿ. ಸಂಸಾರ ಯಾಕೆ ಒಡೆಯುತ್ತೆ, ಕೂಲಿಯೋರ ಮಕ್ಕಳು ಯಾಕೆ ಶಾಲೆ ಬಿಡ್ತಾರೆ, ಕುಡಿತ ಯಾಕೆ ಬಿಡೋಕಾಗಲ್ಲ, ಇದನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ತಿಳ್ಕೊಂಡು ಬರೀಬೇಕು."

"ಎಲ್ಲರ ಮನೆ ದೋಸೇನೂ ತೂತೇ ಕಣೇ. ಆ ತೂತು ಎಣಿಸೋಕೆ ಯೂನಿವರ್ಸಿಟಿ ಬೇರೆ ಕೇಡು!"

ಬಸವಮ್ಮನ ಮಗ ಪಂಚಾಕ್ಷರಯ್ಯನಿಗೆ ನಗರ್ತಪೇಟೆಯಲ್ಲಿ ಸೀರೆ ಅಂಗಡಿ. ಹಗಲೆಲ್ಲ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಿಸಿ ಬರುವವನಿಗೆ ಮನೆಯಲ್ಲಿ ಯಾರ ಮಾತನ್ನೂ ತೆಗೆದುಹಾಕುವ ಧೈರ್ಯವಿಲ್ಲ. ಒಂದು ಕಡೆ ತಾಯಿ, ಇನ್ನೊಂದು ಕಡೆ ಮಗಳು, ಮಗಳ ಬೆನ್ನಿಗೆ ಹೆಂಡತಿ ಕಲ್ಯಾಣಮ್ಮ. ಅವನು ಎರಡು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ಮೂರನೆಯ ದಿನ ಊಟದ ಹೊತ್ತಿನಲ್ಲಿ ತೀರ್ಪು ಕೊಟ್ಟ.

"ಸೇರ್ಕೋ. ಮೊದಲ್ನೇ ಟರ್ಮು ಪಾಸಾದ್ರೆ ಓದು ಮುಂದಕ್ಕೆ. ಆಗಲಿಲ್ಲವೋ, ತಿಪಟೂರಿನ ಸಂಬಂಧಕ್ಕೆ ಹೂಂ ಅನ್ನಬೇಕು. ಆಗ ಅಳೋ ಹಾಗಿಲ್ಲ."

ತಿಪಟೂರಿನ ಸಂಬಂಧ ತಂದವಳು ಬಸವಮ್ಮನೇ. ಕೊಬ್ಬರಿ ಮಂಡಿಯ ವೃಷಭೇಂದ್ರಪ್ಪನ ಮಗ. ಹುಡುಗ ಕೆಂಪಗಿದ್ದಾನೆ, ನಯವಾಗಿ ಮಾತಾಡುತ್ತಾನೆ, ಮನೆಯಲ್ಲಿ ಎರಡು ಹಸು. ಇದಕ್ಕಿಂತ ಇನ್ನೇನು ಬೇಕು ಒಂದು ಹೆಣ್ಣಿಗೆ! ಸಂಕ್ರಾಂತಿಯವರೆಗೆ ಕಾಯಿರಿ ಎಂದು ಅವರಿಗೆ ಕಾಗದ ಬರೆಸಿ ಬಸವಮ್ಮ ನೆಮ್ಮದಿಯಾಗಿ ಕೂತಳು.

ರುದ್ರಾಣಿಗೆ ಪುಸ್ತಕದ ಓದಿನದೇನೂ ತೊಂದರೆ ಇರಲಿಲ್ಲ. ಕಷ್ಟ ಬಂದದ್ದು ಕಾರ್ತಿಕ ಕಳೆದ ಮೇಲೆ. ಅರಳೇಪೇಟೆಯ ಹಿಂದೆ ಗಿರಣಿ ಕೂಲಿಗಳ ಒಂದು ವಠಾರ. ಹನ್ನೆರಡು ಮನೆ, ನಡುವೆ ಒಂದು ಕೊಳಾಯಿ. ಅಷ್ಟೂ ಮನೆಗೆ ಹೋಗಿ, ಮನೆಗೊಂದು ಫಾರಂ ತುಂಬಿಸಿ, ಸಂಕ್ರಾಂತಿಯ ಒಳಗೆ ವರದಿ ಒಪ್ಪಿಸಬೇಕು. ಒಪ್ಪಿಸದಿದ್ದರೆ ಉಳಿದ ಪೇಪರುಗಳಲ್ಲಿ ಎಷ್ಟು ಬಂದರೂ ಫೇಲು.

ಮೊದಲ ದಿನ ಹೋಗಿಬಂದವಳು ಉಬ್ಬಿಹೋಗಿದ್ದಳು. ಊಟಕ್ಕೆ ಕೂತು ತುತ್ತಿಗೊಂದು ಮಾತು.

"ಒಂದೇ ದಿನಕ್ಕೆ ಮೂರು ಮನೆ ಆಯ್ತಮ್ಮ! ಮೂರನೇ ಮನೆ ಲಕ್ಕಮ್ಮ ಅಂತ. ಯಜಮಾನರು ಮರಿಯಣ್ಣ, ಗಿರಣೀಲಿ ಕೆಲಸ. ಮಾಗಡಿ ಕಡೆಯೋರು. ವಠಾರಕ್ಕೆಲ್ಲ ದೊಡ್ಡಕ್ಕ ಇದ್ದ ಹಾಗೆ. ಎಷ್ಟು ಒಳ್ಳೇವ್ರು ಗೊತ್ತಾ, ಹೋದ ತಕ್ಷಣ ಲೋಟದ ತುಂಬ ಮಜ್ಜಿಗೆ ತಂದ್ರು."

ರೊಟ್ಟಿ ಮುರಿಯುತ್ತಿದ್ದ ಬಸವಮ್ಮನ ಕೈ ನಿಂತಿತು. "ಕುಡಿದ್ಯಾ?"

"ಇಲ್ಲ ಅಜ್ಜಿ. ನಮ್ಮ ಅಂಬುಜಮ್ಮ ಮೇಡಂ ನಿಯಮ ಮಾಡಿದಾರೆ. ಹೋದ ಮನೇಲಿ ಏನೂ ಕೊಡಬಾರದು, ಏನೂ ತಗೋಬಾರದು. ತಗೊಂಡ್ರೆ ಮುಲಾಜಿಗೆ ಬೀಳ್ತೀವಿ, ಆಮೇಲೆ ಇದ್ದದ್ದನ್ನ ಇದ್ದ ಹಾಗೆ ಬರೆಯೋಕಾಗಲ್ಲ."

"ಲಕ್ಕಮ್ಮನಿಗೆ ಏನಂತ ಹೇಳ್ದೆ?"

"ಹೊಟ್ಟೆ ತುಂಬಿದೆ ಅಂದೆ. ಬೇಜಾರಾಗಬಾರದಲ್ಲ."

ಬಸವಮ್ಮ ಮೊಮ್ಮಗಳ ಹಣೆಯ ಮೇಲಿನ ವಿಭೂತಿ ನೋಡಿದಳು. ಮಧ್ಯಾಹ್ನದ ಬಿಸಿಲಲ್ಲಿ ನಡೆದುಹೋದ ಹುಡುಗಿ, ಬೆವರು ಇಳಿಯುತ್ತಿರುವಾಗ, ಹೊಟ್ಟೆ ತುಂಬಿದೆ ಎಂದು ಮಜ್ಜಿಗೆ ಬೇಡ ಅಂದಿದ್ದಾಳೆ! ಕೊಟ್ಟವಳಿಗೆ ಕಣ್ಣಿಲ್ಲವೆ? ಲಿಂಗವಂತರ ಮನೆಯವಳು, ನಮ್ಮ ಮನೆಯದು ಮುಟ್ಟುವುದಿಲ್ಲ ಅಂತ ಲಕ್ಕಮ್ಮನಿಗೆ ಆಗಲೇ ಅರ್ಥವಾಗಿರುತ್ತದೆ. ಇಷ್ಟು ಹೊತ್ತಿಗೆ ಕೊಳಾಯಿಯ ಹತ್ತಿರ ವಠಾರಕ್ಕೆಲ್ಲ ಗೊತ್ತಾಗಿರುತ್ತದೆ. ನಾಳೆಯಿಂದ ಒಂದು ಬಾಗಿಲೂ ತೆರೆಯುವುದಿಲ್ಲ.

ಬಸವಮ್ಮನಿಗೆ ಇದು ಹೇಗೆ ಗೊತ್ತು ಎಂದರೆ, ಆ ಮಾತನ್ನು ಅವಳೇ ಐವತ್ತು ವರ್ಷ ಆಡಿದ್ದಳು. ಬೇರೆ ಜನ ಏನಾದರೂ ಕೊಟ್ಟರೆ ಹೊಟ್ಟೆ ತುಂಬಿದೆ ತಾಯಿ ಎನ್ನುವುದು. ಹೊಟ್ಟೆ ತುಂಬಿಲ್ಲ ಅಂತ ಅವರಿಗೂ ಗೊತ್ತು, ಇವಳಿಗೂ ಗೊತ್ತು. ಮೊಮ್ಮಗಳು ಪಾಪ, ಆ ಮಾತಿಗೆ ಇರುವುದು ಒಂದೇ ಅರ್ಥ ಎಂದು ನಂಬಿದ್ದಳು.

ಹೇಳಬೇಕು ಅಂತ ಬಾಯಿ ತೆರೆದಳು. ತೆರೆದವಳಿಗೆ ತಿಪಟೂರು ನೆನಪಾಯಿತು. ತಾನು ಸುಮ್ಮನಿದ್ದರೆ ಸಾಕು. ಬಾಗಿಲು ಮುಚ್ಚುತ್ತದೆ, ಫಾರಂ ಖಾಲಿ ಉಳಿಯುತ್ತದೆ, ಓದು ತಾನಾಗಿ ನಿಲ್ಲುತ್ತದೆ. ಸುಳ್ಳು ಹೇಳುವುದೂ ಬೇಡ, ಜಗಳ ಆಡುವುದೂ ಬೇಡ.

"ಹೂಂ. ಪಲ್ಯ ಹಾಕಿಸ್ಕೋ," ಎಂದಳು.

ಅವಳು ಎಣಿಸಿದಂತೆಯೇ ಆಯಿತು. ಮರುವಾರ ರುದ್ರಾಣಿ ನಾಲ್ಕು ದಿನ ಹೋದಳು, ನಾಲ್ಕು ದಿನವೂ ಬರಿಗೈಯಲ್ಲಿ ಬಂದಳು.

"ಏನಂತಾರೆ?" ಎಂದು ಕಲ್ಯಾಣಮ್ಮ ಕೇಳಿದರೆ, "ಯಜಮಾನರಿಲ್ಲ, ಆಮೇಲೆ ಬನ್ನಿ ಅಂತಾರೆ. ಒಬ್ರು ಒಳಗಿಂದಾನೇ ಮನೇಲಿ ಯಾರೂ ಇಲ್ಲ ಅಂದ್ರಮ್ಮ," ಎಂದಳು.

ಪಂಚಾಕ್ಷರಯ್ಯ ನಕ್ಕ. "ನಮ್ಮ ಅಂಗಡಿಗೆ ಸಾಲ ಕೊಟ್ಟೋನು ವಸೂಲಿಗೆ ಬಂದಾಗ ನಾನೂ ಹಾಗೇ ಅಂತೀನಿ."

"ನಿಮಗೆ ನಗು," ಎಂದು ಕಲ್ಯಾಣಮ್ಮ ರೇಗಿದಳು. "ಮಗು ಕಾಲು ಸವೀತಾ ಇದೆ. ಅತ್ತೆ, ನೀವಾದ್ರೂ ಒಂದು ಉಪಾಯ ಹೇಳಬಾರದಾ? ನಾಲ್ಕು ಜನರನ್ನ ಕಂಡೋರು."

"ನಾನೇನು ಡಿಪ್ಲೊಮಾ ಓದಿದೀನೇನೇ?" ಎಂದಳು ಬಸವಮ್ಮ. "ಬಾಗಿಲು ಹಾಕಿದ್ರೆ ಹಾಕ್ಕೊಳ್ಳಲಿ. ನೀನು ಆ ಹಸಿರು ಧರ್ಮಾವರಂ ಸೀರೆ ತೆಗೆದು ಬಿಸಿಲಿಗೆ ಹಾಕು. ಹೆಣ್ಣು ನೋಡೋಕೆ ಬಂದಾಗ ಉಡಿಸಬೇಕು."

"ಟರ್ಮು ಇನ್ನೂ ಮುಗಿದಿಲ್ಲ!"

"ಸೀರೆಗೆ ಬಿಸಿಲು ಬೇಡವೇನು?"

ಅತ್ತೆ ಸೊಸೆ ಆ ದಿನ ಅಡುಗೆಮನೆಯಲ್ಲಿ ಮಾತು ಬಿಟ್ಟರು. ಪಾತ್ರೆಗಳೇ ಮಾತಾಡಿಕೊಂಡವು. ರುದ್ರಾಣಿ ಮಾತ್ರ ಮರುದಿನ ಮತ್ತೆ ಚಪ್ಪಲಿ ಮೆಟ್ಟಿ ಹೊರಟಳು. ಅದರ ಮರುದಿನವೂ ಹೊರಟಳು. ಅಂಬುಜಮ್ಮ ಮೇಡಂ ತರಗತಿಯಲ್ಲಿ ಎಲ್ಲರ ಎದುರಿಗೆ, ಮೂರೇ ಮನೆಯಾ ನಿಂದು, ಎಂದು ಕೇಳಿದರಂತೆ. ಅದನ್ನೂ ಹುಡುಗಿ ಮನೆಗೆ ಬಂದು ನಗುನಗುತ್ತಲೇ ಹೇಳಿದಳು, ಆದರೆ ರೊಟ್ಟಿ ಅರ್ಧಕ್ಕೇ ಬಿಟ್ಟೆದ್ದಳು.

ಗೆದ್ದವಳಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಬಸವಮ್ಮನಿಗೆ ಯಾಕೋ ಹಾಗಾಗಲಿಲ್ಲ. ಬೆಳಗ್ಗೆ ಲಿಂಗಪೂಜೆಗೆ ಕೂತರೆ ಕಣ್ಣು ಲಿಂಗದ ಮೇಲೆ, ಕಿವಿ ಬೀದಿ ಬಾಗಿಲ ಮೇಲೆ.

ಸಂಕ್ರಾಂತಿಗೆ ಹದಿನೈದು ದಿನ ಉಳಿದಿರುವಾಗ ಒಂದು ಮಧ್ಯಾಹ್ನ ಅಜ್ಜಿ ಮೊಮ್ಮಗಳು ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಮನೆಯೆಲ್ಲ ಸೊಗಡಿನ ವಾಸನೆ. ರುದ್ರಾಣಿ ಕಾಯಿ ಸುಲಿಯುತ್ತಲೇ ಹೇಳಿದಳು:

"ಅಜ್ಜಿ, ಅಪ್ಪ ತಿಪಟೂರಿನೋರಿಗೆ ಬರೀಲಿ. ನಾನು ಹೂಂ ಅಂತೀನಿ."

"ಯಾಕೇ? ಇನ್ನೂ ದಿನ ಇದೆಯಲ್ಲ."

"ದಿನ ಇದ್ದು ಏನು? ತಪ್ಪು ನನ್ನದೇ. ಆ ಹೆಂಗಸರು ಬೆಳಗ್ಗಿಂದ ದುಡಿದಿರ್ತಾರೆ, ಅವ್ರಿಗೆ ನನ್ನ ಫಾರಂ ಯಾಕೆ ಬೇಕು? ಜೊತೆಗಿರೋ ಹುಡುಗೀರು ಎಲ್ಲ ಮುಗಿಸಿದಾರೆ. ನನ್ನ ಮುಖದಲ್ಲೇ ಏನೋ ಇದೆ, ಜನ ನೋಡಿದ್ರೆ ಬಾಗಿಲು ಹಾಕ್ಕೋತಾರೆ. ಜನರ ಹತ್ರ ಹೋಗೋಕೇ ಬಾರದೋಳು ಸಮಾಜ ಸೇವೆ ಏನು ಮಾಡ್ಲಿ?"

ಅಳಲಿಲ್ಲ ಹುಡುಗಿ. ಅತ್ತಿದ್ದರೆ ಬಸವಮ್ಮ ಸಹಿಸಿಕೊಳ್ಳುತ್ತಿದ್ದಳೋ ಏನೋ. ಹುಳುಕು ಕಾಯಿಯನ್ನು ಬೇರೆ ಹಾಕುತ್ತ, ತನ್ನನ್ನೂ ಹುಳುಕು ಎಂದು ತೀರ್ಮಾನಿಸಿದವಳ ಹಾಗೆ ಕೂತಿದ್ದಳು. ಬಸವಮ್ಮ ಮೊರ ಪಕ್ಕಕ್ಕೆ ತಳ್ಳಿದಳು.

"ಮುಖದಲ್ಲಿ ಏನೂ ಇಲ್ಲ ಕಣೇ ಪೆದ್ದೇ! ಇರೋದು ಹಣೇಲಿ. ವಿಭೂತಿ ಹಚ್ಕೊಂಡು ಹೋಗಿ ಮಜ್ಜಿಗೆ ಬೇಡ ಅಂದ್ಯಲ್ಲ, ಅವ್ರು ಏನು ತಿಳ್ಕೋತಾರೆ? ಜಾತಿ ನೋಡ್ತಾಳೆ ಅಂತ ತಿಳ್ಕೊಂಡ್ರು, ಅಷ್ಟೇ."

ರುದ್ರಾಣಿ ಬಾಯಿ ಬಿಟ್ಟುಕೊಂಡು ನೋಡಿದಳು. "ಅಯ್ಯೋ ಶಿವನೇ! ಅದು ಕಾಲೇಜಿನ ನಿಯಮ ಅಜ್ಜಿ!"

"ಲಕ್ಕಮ್ಮನಿಗೆ ಯಾವ ಕಾಲೇಜು ಗೊತ್ತು?"

"ನಿನಗೆ ಹೇಗೆ ಗೊತ್ತಾಯ್ತು?"

"ಈಗ... ಈಗ ಹೊಳೀತು," ಎಂದು ಬಸವಮ್ಮ ಕಣ್ಣು ತಪ್ಪಿಸಿದಳು.

"ಹಾಗಾದ್ರೆ ನಾಳೇನೇ ಹೋಗಿ ಕುಡೀತೀನಿ! ನಿಯಮ ಹಾಳಾಗಲಿ."

"ಒಂದ್ಸಲ ಬೇಡ ಅನ್ನಿಸ್ಕೊಂಡೋರು ಎರಡನೇ ಸಲ ಲೋಟ ಎತ್ತಲ್ಲ. ನೀನೊಬ್ಬಳೇ ಹೋದ್ರೆ ಆಗೋದಲ್ಲ ಇದು. ಸೋಮವಾರ ನಾನೂ ಬರ್ತೀನಿ."

ಸೋಮವಾರ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಜಟಕಾದಲ್ಲಿ ಅರಳೇಪೇಟೆಗೆ ಹೋಗಿ ಇಳಿದರು. ಕೊಳಾಯಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಲಕ್ಕಮ್ಮ ತನ್ನ ಮನೆಯ ಮುಂದೆ ರಾಗಿ ಕೇರುತ್ತಿದ್ದಳು; ನಲವತ್ತು ದಾಟಿದ ಗಟ್ಟಿ ಹೆಂಗಸು. ಇವರನ್ನು ನೋಡಿಯೂ ನೋಡದವಳಂತೆ ಮೊರ ಆಡಿಸಿದಳು.

"ಬಾಯಾರಿದೆ ತಾಯಿ," ಎಂದಳು ಬಸವಮ್ಮ. "ಒಂದಿಷ್ಟು ನೀರು ಕೊಡ್ತೀಯಾ?"

ಲಕ್ಕಮ್ಮ ತಲೆ ಎತ್ತಿ ವಿಭೂತಿ ನೋಡಿದಳು, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ನೋಡಿದಳು. "ಅಲ್ಲೇ ಐತಲ್ಲ ಕೊಳಾಯಿ. ಬೊಗಸೇಲಿ ಕುಡೀರಿ, ಯಾರ ಲೋಟಾನೂ ಮುಟ್ಟಂಗಿಲ್ಲ."

ಕೊಳಾಯಿಯ ಹತ್ತಿರ ಯಾರೋ ಕಿಸಕ್ಕೆಂದರು. ರುದ್ರಾಣಿಯ ಮುಖ ಕೆಂಪಾಯಿತು. ಬಸವಮ್ಮನಿಗೆ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿಗೆ ಇಂಥ ಮಾತು ಅವಳಿಗೆ ಯಾರೂ ಆಡಿರಲಿಲ್ಲ. ಆದರೂ ಜಗಲಿಯ ಮೇಲೆ, ಯಾರೂ ಕೂರಿ ಎನ್ನದಿದ್ದರೂ, ಕೂತೇ ಬಿಟ್ಟಳು.

"ನನಗೆ ನಿನ್ನ ಮನೆ ಲೋಟದ್ದೇ ಬೇಕು."

"ನಿಮ್ಮ ಮೊಮ್ಮಗಳಿಗೆ ನಮ್ಮ ಮಜ್ಜಿಗೆ ಆಗ್ನಿಲ್ಲ. ನಿಮ್ಗೆ ಆದದಾ?"

"ಅವಳಿಗೆ ಕಾಲೇಜಿನೋರು ಬೇಡ ಅಂದಿದ್ರು ಕಣಮ್ಮ, ಯಾರ ಮನೇಲೂ ತಗೋಬಾರದು ಅಂತ. ನಮ್ಮ ಜನದೋರೇ ಕೊಟ್ಟಿದ್ರೂ ಬೇಡ ಅಂತಿದ್ಲು. ಅವಳ ಮನಸ್ಸಲ್ಲಿ ಜಾತಿ ಇಲ್ಲ. ಅದು ಇರೋದು ನನ್ನ ಮನಸ್ಸಲ್ಲಿ. ಇಷ್ಟು ವರ್ಷ ಬೇಡ ಅಂದ್ಕೊಂಡು ಬಂದೋಳು ನಾನು. ಬಯ್ಯೋದಿದ್ರೆ ನನಗೆ ಬೈದುಬಿಡು, ಅವಳನ್ನ ಬಾಗಿಲಲ್ಲಿ ನಿಲ್ಲಿಸಬೇಡ."

ಲಕ್ಕಮ್ಮ ಬೈಯಲಿಲ್ಲ. ಮೊರ ಕೆಳಗಿಟ್ಟು ಒಳಗೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕೈಯಲ್ಲಿ ನೀರಿರಲಿಲ್ಲ; ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ತಂದು ಬಸವಮ್ಮನ ಮುಂದೆ ಇಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ವಠಾರವೆಲ್ಲ ಸುತ್ತ ನೆರೆದಿತ್ತು.

ಬಸವಮ್ಮ ತಟ್ಟೆ ನೋಡಿದಳು. ನೀರೆಂದರೆ ಒಂದು ಗುಟುಕು, ಕಣ್ಣು ಮುಚ್ಚಿ ಕುಡಿದುಬಿಡಬಹುದಿತ್ತು. ಅನ್ನದ ಮಾತು ಬೇರೆ. ಈ ಪಾತ್ರೆಯಲ್ಲಿ ಏನೇನು ಬೆಂದಿತ್ತೋ! ಕರಡಿಗೆಯನ್ನು ಒಮ್ಮೆ ಮುಟ್ಟಿ, ಶಿವಾ ಎಂದು, ಮುದ್ದೆಗೆ ಕೈ ಹಾಕಿದಳು.

ಅಷ್ಟರಲ್ಲಿ ಲಕ್ಕಮ್ಮ ಕೇಳಿದಳು: "ಸ್ವಾಮಾರ ನೋಡ್ಕಂಡೇ ಬಂದಿದ್ದೀರಿ, ಅಲ್ವಾ?"

ಬಸವಮ್ಮನ ಕೈ ತಟ್ಟೆಯಲ್ಲೇ ಉಳಿಯಿತು. ಸೋಮವಾರ ಈ ಜನ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಅದನ್ನು ವಿಚಾರಿಸಿಕೊಂಡೇ ಅವಳು ದಿನ ಗೊತ್ತು ಮಾಡಿದ್ದು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೌದು ಕಣಮ್ಮ," ಎಂದಳು. "ಐವತ್ತು ವರ್ಷದ ಗಂಟು, ಒಂದೇ ದಿನಕ್ಕೆ ಬಿಚ್ಚು ಅಂದ್ರೆ ಹೇಗೆ ಬಿಚ್ಚಲಿ?"

ಲಕ್ಕಮ್ಮ ಗೊಳ್ಳೆಂದು ನಕ್ಕಳು. ನೆರೆದ ಹೆಂಗಸರೂ ನಕ್ಕರು. ಬಸವಮ್ಮನಿಗೂ ತಡೆಯಲಾಗಲಿಲ್ಲ, ನಗುತ್ತಲೇ ಮೊದಲ ತುತ್ತು ನುಂಗಿದಳು. "ಸಾರು ಚೆನ್ನಾಗಿದೆಯಲ್ಲೇ! ಬೆಳ್ಳುಳ್ಳಿ ಒಗ್ಗರಣೇನಾ? ಮುದ್ದೆ ಅಂದ್ರೆ ಹಲ್ಲಿಲ್ಲದೋರಿಗೆ ಒಳ್ಳೇದು ಬಿಡು."

"ನಿಧಾನಕ್ಕೆ ಉಣ್ಣಿ ಅವ್ವಾ. ನೆತ್ತಿಗೆ ಹತ್ತೀತು." ಲಕ್ಕಮ್ಮ ಒಳಗಿನಿಂದ ಲೋಟ ತಂದು ಅವಳ ಕೈಗೇ ಕೊಟ್ಟಳು. ಮತ್ತೆ ರುದ್ರಾಣಿಯ ಕಡೆ ತಿರುಗಿ, "ನೀನ್ಯಾಕವ್ವ ಗರ ಬಡ್ದಂಗೆ ನಿಂತಿದ್ದೀಯೇ? ಕುಂತ್ಕೋ, ನಿಂಗೂ ಇಕ್ಕುತೀನಿ. ಉಂಡ್ಮೇಲೆ ಅದೇನು ಕೇಳ್ತೀಯೋ ಕೇಳು, ನಾನೇ ಮನೆಮನೆಗೂ ಕರ್ಕೊಂಡೋಯ್ತೀನಿ," ಎಂದಳು.

ಅಲ್ಲಿಂದ ಮುಂದೆ ಬಾಗಿಲಿನ ಚಿಂತೆ ಇರಲಿಲ್ಲ. ಬಿಡಿಸಿಕೊಂಡು ಬರುವುದೇ ಕಷ್ಟವಾಯಿತು. ಹತ್ತು ದಿನದಲ್ಲಿ ಒಂಬತ್ತು ಮನೆಯೂ ಮುಗಿದವು. ಮನೆಯಲ್ಲಿ ಮಾತ್ರ ಕಲ್ಯಾಣಮ್ಮ ಇನ್ನೂ ನಂಬಿರಲಿಲ್ಲ.

"ಅತ್ತೆ, ನಿಜವಾಗ್ಲೂ ಉಂಡ್ರಾ?"

"ಉಂಡೆ."

"ಎಷ್ಟು?"

"ಒಂದೂವರೆ ಮುದ್ದೆ. ಏನೀಗ?"

"ಇಲ್ಲಿ ನನ್ನ ಸಾರಿಗೆ ಉಪ್ಪು ಮುಂದಾಯ್ತು ಅಂತ ತಟ್ಟೆ ತಳ್ತೀರಿ!" ಕಲ್ಯಾಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಡುಗೆಮನೆಯಲ್ಲಿ ಅತ್ತೆ ಸೊಸೆಗೆ ಮಾತು ಶುರುವಾದದ್ದು ಆವತ್ತಿನಿಂದಲೇ.

ರುದ್ರಾಣಿ ವರದಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ನಿಯಮ ಮುರಿದು ಊಟ ಮಾಡಿದ್ದನ್ನು, ಯಾಕೆ ಮಾಡಿದೆ ಎನ್ನುವುದನ್ನು, ಅಜ್ಜಿಯ ಹೆಸರು ಹಾಕಿ ಬರೆದಳು. ಅಂಬುಜಮ್ಮ ಮೇಡಂ ನಿಯಮ ಮುರಿದದ್ದಕ್ಕೆ ಐದು ನಂಬರು ಕಳೆದರು. ಆಮೇಲೆ, ನಿಮ್ಮಜ್ಜಿ ನಮ್ಮ ತರಗತಿಗೆ ಬಂದು ಒಂದು ದಿನ ಮಾತಾಡ್ತಾರಾ, ಎಂದು ಕೇಳಿದರಂತೆ. ಸಂಕ್ರಾಂತಿ ಕಳೆದು ವಾರಕ್ಕೆ ಪಟ್ಟಿ ಬಂತು. ರುದ್ರಾಣಿ ಪಾಸು.

ಪಂಚಾಕ್ಷರಯ್ಯ ಅಂಗಡಿಯಿಂದ ಬರುವಾಗ ಮೈಸೂರು ಪಾಕು ತಂದ. ತಿನ್ನುತ್ತ ತಾಯಿಯ ಮುಖ ನೋಡಿದ. "ಅವ್ವ, ತಿಪಟೂರಿಗೆ ಏನಂತ ಬರೀಲಿ?"

"ಏನಂತ ಅಂದ್ರೇನೋ? ಹುಡುಗಿ ಓದ್ತಿದಾಳೆ ಅಂತ ಬರಿ. ಕಾಯೋದಾದ್ರೆ ಕಾಯ್ಲಿ, ಇಲ್ದಿದ್ರೆ ಅವರ ಮಗನಿಗೇನು ಹೆಣ್ಣಿಗೆ ಬರವಾ!"

ರುದ್ರಾಣಿ ಓಡಿಬಂದು ಅಜ್ಜಿಯ ಕಾಲಿಗೆ ಬಿದ್ದಳು. "ನಿನಗೆ ಹೊಳೆದ ತಕ್ಷಣ ಹೇಳಿದ್ಯಲ್ಲ ಅಜ್ಜಿ, ಅದರಿಂದ ನಾನು ಉಳ್ಕೊಂಡೆ."

ಬಸವಮ್ಮ ಕೈಯಲ್ಲಿದ್ದ ಸಿಹಿಯನ್ನು ತಟ್ಟೆಗೆ ಇಟ್ಟಳು. ಆಗಲೂ ಸುಮ್ಮನಿರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಮೊಮ್ಮಗಳನ್ನು ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ನನಗೆ ಹೊಳೆದದ್ದು ಆವತ್ತಲ್ಲ ಕಣೇ. ನೀನು ಮಜ್ಜಿಗೆ ಬೇಡ ಅಂದೆ ಅಂತ ಹೇಳಿದ ದಿನಾನೇ ಗೊತ್ತಾಗಿತ್ತು. ಬೇಕೂಂತ ಸುಮ್ಮನಿದ್ದೆ. ನೀನು ಸೋತುಬಿಡ್ಲಿ ಅಂತ."

ರುದ್ರಾಣಿ ಕೈ ಬಿಡಿಸಿಕೊಂಡಳು. "ನಾನು ದಿನಾ ಹೋಗಿ ಬರೋದನ್ನ ನೋಡ್ತಾ ಇದ್ದೆಯಲ್ಲ?"

"ನೋಡ್ತಾ ಇದ್ದೆ."

"ಮತ್ತೆ ಕೊನೇಗೆ ಯಾಕೆ ಹೇಳ್ದೆ?"

"ಒಂದು ದಿನಾನಾದ್ರೂ ಆ ಹೆಂಗಸರನ್ನ ಬೈತೀಯೇನೋ ಅಂತ ಕಾದೆ. ನಾನಾಗಿದ್ರೆ ಬೈತಿದ್ದೆ. ನೀನು ನಿನ್ನನ್ನೇ ಬೈಕೊಂಡೆ. ತಡ್ಕೊಳ್ಳೋಕಾಗಲಿಲ್ಲ."

ರುದ್ರಾಣಿ ಒಳಗೆ ಹೋದಳು. ಎರಡು ದಿನ ಅಜ್ಜಿಯ ಜೊತೆ ಮಾತಿಲ್ಲ. ಬಸವಮ್ಮ ಅದನ್ನು ನುಂಗಿಕೊಂಡಳು. ಅವಳಿಗೆ ಅದು ನ್ಯಾಯವೆಂದೇ ಕಂಡಿತು.

ಮೂರನೆಯ ದಿನ ಬೆಳಗ್ಗೆ, ಬಸವಮ್ಮ ಹಜಾರದಲ್ಲಿ ಬತ್ತಿ ಹೊಸೆಯುತ್ತಿರುವಾಗ, ರುದ್ರಾಣಿ ಬಂದು ಪಕ್ಕದಲ್ಲಿ ಕೂತಳು. ತಾನೂ ಒಂದು ಹಿಡಿ ಹತ್ತಿ ತೆಗೆದುಕೊಂಡಳು.

"ಅಜ್ಜಿ, ಐವತ್ತು ವರ್ಷ ಅಂದ್ಯಲ್ಲ. ಯಾರ್ಯಾರಿಗೆ ಬೇಡ ಅಂದಿದೀಯ?"

ಬಸವಮ್ಮ ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿದಳು. "ಬೇಕಾದಷ್ಟು ಜನಕ್ಕೆ. ಹಾಲು ತರ್ತಿದ್ದ ಅಕ್ಕಯಮ್ಮ ನಿನಗೆ ನೆನಪಿಲ್ಲ, ನೀನು ಚಿಕ್ಕೋಳು. ಇಪ್ಪತ್ತು ವರ್ಷ ಅವಳು ಕರೆದ ಹಾಲು ಕುಡಿದಿದೀವಿ. ಮಗಳ ಮದುವೆ ಮಾಡಿ, ಕಜ್ಜಾಯ ತಂದಿದ್ಲು, ಬಾಳೆಎಲೇಲಿ ಸುತ್ಕೊಂಡು. ಇನ್ನೂ ಬಿಸಿಯಾಗಿತ್ತು. ಹೊಟ್ಟೆ ತುಂಬಿದೆ ಅಂದೆ. ಏನೂ ಅನ್ನಲಿಲ್ಲ, ಎತ್ಕೊಂಡು ಹೋದ್ಲು."

"ಈಗ ಎಲ್ಲಿದಾರೆ?"

"ಗವೀಪುರದಲ್ಲಿ, ಮಗಳ ಮನೇಲಿ ಅಂತ ಕೇಳಿದೀನಿ."

"ಹೋಗೋಣ್ವಾ?"

"ಹೋದ್ರೆ ಏನು ಕೇಳೋದೇ? ಕಜ್ಜಾಯ ಕೊಡು ಅಂತಲಾ? ಅವಳೇನು ಲಕ್ಕಮ್ಮನ ಹಾಗೆ ನಗೋಳಲ್ಲ. ಬಾಗಿಲು ಹಾಕ್ಕೊಂಡ್ರೂ ಹಾಕ್ಕೊಂಡ್ಲೇ."

ರುದ್ರಾಣಿ ತನ್ನ ಬತ್ತಿಯನ್ನು ಹೊಸೆದು ಮುಗಿಸಿದಳು. ಬಸವಮ್ಮ ಮಡಿಲಲ್ಲಿದ್ದ ಹತ್ತಿಯನ್ನು ಕೊಡವಿ, ಗೋಡೆ ಹಿಡಿದು ಎದ್ದಳು.

"ಹಾಕ್ಕೊಂಡ್ರೆ ಹಾಕ್ಕೊಳ್ಳಲಿ, ಅದು ಅವಳ ಇಷ್ಟ. ಜಟಕಾ ಕರಿ, ನಡಿ."